ಆರೋಗ್ಯಕರ ಆಹಾರ ಮತ್ತು ವ್ಯಾಯಾಮದ ರೂಢಿಯನ್ನು ದೀರ್ಘಕಾಲ ಉಳಿಸಿಕೊಳ್ಳುವುದು: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸಾರ್ವಜನಿಕರಿಗಾಗಿ ಮಾಹಿತಿ

1. ಪೀಠಿಕೆ

ಮಧುಮೇಹ (ಸಕ್ಕರೆ ಕಾಯಿಲೆ), ರಕ್ತದೊತ್ತಡ (ಬಿ.ಪಿ.) ಮತ್ತು ಹೃದಯ ಸಂಬಂಧಿ ಕಾಯಿಲೆಗಳನ್ನು ಅಸಾಂಕ್ರಾಮಿಕ ರೋಗಗಳೆಂದು ಕರೆಯಲಾಗುತ್ತದೆ. ಇವು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತವೆ. ಇವುಗಳನ್ನು ತಡೆಗಟ್ಟಲು ಹಾಗೂ ಹತೋಟಿಯಲ್ಲಿಡಲು ಹಿತಮಿತ ಆಹಾರ ಮತ್ತು ದೈಹಿಕ ಚಟುವಟಿಕೆ ಅಗತ್ಯವೆಂಬುದು ಬಹುತೇಕ ಸಾರ್ವಜನಿಕರಿಗೆ ಈಗಾಗಲೇ ತಿಳಿದಿರುವ ವಿಷಯವಾಗಿದೆ. ತಿಳಿದದ್ದನ್ನು ಆರಂಭಿಸುವವರೂ ಕಡಿಮೆಯಿಲ್ಲ. ಆದರೆ ಆರಂಭಿಸಿದ ರೂಢಿಯನ್ನು ಮೂರು ತಿಂಗಳು, ಒಂದು ವರ್ಷ, ಹತ್ತು ವರ್ಷ ಮುಂದುವರಿಸುವುದೇ ಕಷ್ಟದ ಕೆಲಸವಾಗಿರುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಊಟ, ದುಡಿಮೆ, ಹವಾಮಾನ ಮತ್ತು ಹಬ್ಬಗಳನ್ನು ಗಮನದಲ್ಲಿಟ್ಟುಕೊಂಡು, ರೂಢಿಯನ್ನು ಉಳಿಸಿಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಈ ಹಿಂದೆ ಜೇವರ್ಗಿ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಯಡ್ರಾಮಿ ಭಾಗದ ಸಾರ್ವಜನಿಕರಿಗೂ ಇದು ಅನ್ವಯಿಸುತ್ತದೆ.

2. ವಿಷಯದ ಮಹತ್ವ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದ್ದು, ಮತ್ತೆ 13.6 ಕೋಟಿ ಜನರು ಮಧುಮೇಹದ ಹೊಸ್ತಿಲಲ್ಲಿದ್ದಾರೆ. ರಕ್ತದೊತ್ತಡ ಇರುವವರ ಸಂಖ್ಯೆ ಸುಮಾರು 31.5 ಕೋಟಿ. ಇವು ಕೇವಲ ಪಟ್ಟಣದ ಶ್ರೀಮಂತರ ಕಾಯಿಲೆಗಳೆಂಬ ನಂಬಿಕೆ ಇಂದಿನ ಸ್ಥಿತಿಗೆ ಹೊಂದುವುದಿಲ್ಲ.

ದಿನಗೂಲಿಯನ್ನು ನಂಬಿದ ಕುಟುಂಬದಲ್ಲಿ ದುಡಿಯುವವರಿಗೆ ಪಾರ್ಶ್ವವಾಯು (ಲಕ್ವಾ) ತಗುಲಿದರೆ ಅಂದಿನಿಂದಲೇ ಆದಾಯ ನಿಲ್ಲುತ್ತದೆ. ಅವರನ್ನು ನೋಡಿಕೊಳ್ಳಲು ಮನೆಯಲ್ಲುಳಿಯುವ ಇನ್ನೊಬ್ಬರ ಕೂಲಿಯೂ ತಪ್ಪುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದ ರೈತನಿಗೆ ಹೊಲದಲ್ಲಿ ಚುಚ್ಚಿದ ತೊಗರಿ ಕೂಳೆ ತಿಳಿಯದೇ ಹೋಗಿ, ಆ ಸಣ್ಣ ಗಾಯವೇ ಕಾಲನ್ನು ಕಳೆದುಕೊಳ್ಳುವ ಹಂತಕ್ಕೆ ತಲುಪಬಹುದು. ಆದ್ದರಿಂದ ಆಹಾರ ಮತ್ತು ನಡಿಗೆಯ ರೂಢಿಯು ಕುಟುಂಬದ ಆರ್ಥಿಕ ಭದ್ರತೆಯ ವಿಷಯವೂ ಆಗಿರುತ್ತದೆ.

ಇಂತಹ ರೂಢಿಯಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬುದನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಲಾಗಿದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪುಗಳಾಗಿ ವಿಂಗಡಿಸಿ ಸುಮಾರು 30 ತಿಂಗಳ ಕಾಲ ಗಮನಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಪ್ರತಿ 100 ಜನರಲ್ಲಿ 55 ಜನರಿಗೆ ಮಧುಮೇಹ ಬಂದಿತು. ಆಹಾರ ಮತ್ತು ವ್ಯಾಯಾಮದ ನಿಯಮವನ್ನು ಪಾಲಿಸಿದವರಲ್ಲಿ ಈ ಸಂಖ್ಯೆ ಸುಮಾರು 39 ಆಗಿತ್ತು. ಚೀನಾದ ಡಾಚಿಂಗ್ ಎಂಬಲ್ಲಿ 1986ರಲ್ಲಿ ಆರಂಭವಾದ ಇಂತಹುದೇ ಕಾರ್ಯಕ್ರಮವು ಆರು ವರ್ಷ ನಡೆಯಿತು. ಅದರಲ್ಲಿ ಭಾಗವಹಿಸಿದವರನ್ನು 30 ವರ್ಷಗಳವರೆಗೆ ಗಮನಿಸಿದಾಗ, ಮಧುಮೇಹವು ಸರಾಸರಿ ಸುಮಾರು 4 ವರ್ಷ ತಡವಾಗಿ ಬಂದುದು ಹಾಗೂ ಹೃದಯಾಘಾತ ಮತ್ತು ಪಾರ್ಶ್ವವಾಯು ಕಡಿಮೆಯಾದುದು ಕಂಡುಬಂದಿತು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ರೂಢಿಯನ್ನು ಪಾಲಿಸಿದ ಎಲ್ಲರಿಗೂ ಕಾಯಿಲೆ ತಪ್ಪುತ್ತದೆಂದು ಭರವಸೆ ನೀಡಲಾಗದು. ಎರಡು, ಪಾಲಿಸಿದವರಲ್ಲಿ ಅನೇಕರಿಗೆ ಕಾಯಿಲೆ ತಪ್ಪುತ್ತದೆ ಅಥವಾ ಮುಂದೂಡಲ್ಪಡುತ್ತದೆ. ದುಡಿಯುವ ವಯಸ್ಸಿನಲ್ಲಿ ನಾಲ್ಕು ವರ್ಷದ ಆರೋಗ್ಯವೆಂದರೆ ಮಕ್ಕಳ ಓದು ಮುಗಿಯುವಷ್ಟು ಕಾಲವಾಗಿರುತ್ತದೆ.

3. ಸ್ಥಳೀಯ ಪರಿಸ್ಥಿತಿ

ಈ ಭಾಗದ ಪಾರಂಪರಿಕ ಊಟವು ಆರೋಗ್ಯಕ್ಕೆ ಅನುಕೂಲಕರವಾಗಿದೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಮೆಂತ್ಯ ಪಲ್ಯ, ಹಕ್ಕರಕಿ, ಮಡಿಕೆ ಕಾಳು, ಶೇಂಗಾ ಹಿಂಡಿ, ಅಗಸಿ ಹಿಂಡಿ ಮತ್ತು ಮಜ್ಜಿಗೆ ಇದರ ಅಂಗಗಳು. ಪ್ರತಿ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ (ಪ್ರೋಟೀನ್) ಮತ್ತು ಸುಮಾರು 10 ಗ್ರಾಂ ನಾರಿನಂಶ ಇರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸಸಾರಜನಕ ಸುಮಾರು 8 ಗ್ರಾಂ ಮತ್ತು ನಾರಿನಂಶ ಸುಮಾರು 3 ಗ್ರಾಂ ಮಾತ್ರ. ತೊಗರಿ ಬೇಳೆಯ 100 ಗ್ರಾಂನಲ್ಲಿ ಸಸಾರಜನಕವು 20 ಗ್ರಾಂಗೂ ಅಧಿಕವಾಗಿರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಪಟ್ಟಣದವರು ಹುಡುಕಿಕೊಂಡು ಬರುತ್ತಿರುವ ಈ ಧಾನ್ಯಗಳು ಇಲ್ಲಿಯ ಹೊಲಗಳಲ್ಲಿಯೇ ಬೆಳೆಯುತ್ತವೆ.

ಆದರೆ ಕಳೆದ ಎರಡು-ಮೂರು ದಶಕಗಳಲ್ಲಿ ಕೆಳಕಂಡ ಬದಲಾವಣೆಗಳಾಗಿವೆ.

(ಅ) ರೊಟ್ಟಿ ಬಡಿಯಲು ಸಮಯ ಮತ್ತು ಶ್ರಮ ಬೇಕಾಗುವುದರಿಂದ ಅನೇಕ ಮನೆಗಳಲ್ಲಿ ಒಂದು ಹೊತ್ತಾದರೂ ಅನ್ನವೇ ಮುಖ್ಯ ಊಟವಾಗಿದೆ.

(ಆ) ಸಂಜೆಯ ಚಹಾದೊಂದಿಗೆ ಮಿರ್ಚಿ ಭಜಿ ಮತ್ತು ಪೊಟ್ಟಣದ ಕುರುಕಲು ತಿಂಡಿಗಳು ನಿತ್ಯದ ರೂಢಿಯಾಗಿವೆ.

(ಇ) ಉಳುಮೆ, ರಾಶಿ ಮತ್ತು ಸಾಗಾಣಿಕೆ ಯಂತ್ರಗಳಿಂದ ನಡೆಯುತ್ತಿವೆ. ಹೊಲಕ್ಕೆ ನಡೆದು ಹೋಗುತ್ತಿದ್ದವರು ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದಾರೆ.

(ಈ) ದುಡಿಮೆಯು ಹಂಗಾಮಿಗೆ ಸೀಮಿತವಾಗಿದೆ. ಕೆಲಸವಿಲ್ಲದ ತಿಂಗಳುಗಳಲ್ಲಿಯೂ ಊಟದ ಪ್ರಮಾಣ ದುಡಿಮೆಯ ತಿಂಗಳುಗಳಷ್ಟೇ ಉಳಿಯುತ್ತದೆ.

ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ತೊಗರಿ ಕಟಾವಿನಲ್ಲಿ ದಿನವಿಡೀ ಬಗ್ಗಿ ದುಡಿಯುವ ಮಹಿಳೆಗೆ ಪ್ರತ್ಯೇಕ ವ್ಯಾಯಾಮ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಹೊಲದ ಕೆಲಸ, ಮನೆಗೆಲಸ ಮತ್ತು ನಡೆದು ಹೋಗಿಬರುವುದು ಎಲ್ಲವೂ ದೈಹಿಕ ಚಟುವಟಿಕೆಯ ಲೆಕ್ಕಕ್ಕೆ ಬರುತ್ತವೆ. ಅದೇ ಮಹಿಳೆ ಏಪ್ರಿಲ್-ಮೇ ತಿಂಗಳಲ್ಲಿ ಮನೆಯಲ್ಲಿಯೇ ಉಳಿದಾಗ ಅವರ ನಡಿಗೆ ಅರ್ಧಕ್ಕಿಂತ ಕಡಿಮೆಯಾಗಬಹುದು. ರೂಢಿ ಅತ್ಯಂತ ಅಗತ್ಯವಾಗುವುದು ಆ ತಿಂಗಳುಗಳಲ್ಲಿಯೇ.

4. ಉತ್ಸಾಹ ಕುಗ್ಗಲು ಕಾರಣಗಳು

1. ಆರಂಭದ ಗುರಿ ಅತಿಯಾಗಿರುವುದು. ಮೊದಲ ದಿನವೇ ಒಂದು ಗಂಟೆ ನಡೆದು ಮೈಕೈ ನೋವು ಬರಿಸಿಕೊಂಡವರು ಎರಡನೇ ವಾರಕ್ಕೆ ನಿಲ್ಲಿಸುವುದು ಸಾಮಾನ್ಯವಾಗಿದೆ.

2. ಫಲಿತಾಂಶ ಕಣ್ಣಿಗೆ ಕಾಣದಿರುವುದು. ರಕ್ತದೊತ್ತಡ ಇಳಿದಿರುವುದು ಮೈಗೆ ತಿಳಿಯುವುದಿಲ್ಲ. ತೂಕವೂ ಮೊದಲ ವಾರಗಳಲ್ಲಿ ಹೆಚ್ಚು ಬದಲಾಗುವುದಿಲ್ಲ.

3. ಚೆನ್ನಾಗಿದ್ದೇವೆಂಬ ಭಾವನೆ. ಸಕ್ಕರೆ ಪ್ರಮಾಣ ಹತೋಟಿಗೆ ಬಂದೊಡನೆ ಕಾಯಿಲೆ ಹೋಯಿತೆಂದು ಭಾವಿಸಿ ಪಥ್ಯವನ್ನೂ ಗುಳಿಗೆಯನ್ನೂ ಬಿಡುವವರಿದ್ದಾರೆ. ಹತೋಟಿ ಎಂಬುದು ರೂಢಿಯ ಫಲವಾಗಿದ್ದು, ರೂಢಿ ನಿಂತರೆ ಹತೋಟಿಯೂ ತಪ್ಪುತ್ತದೆ.

4. ಒಬ್ಬರೇ ಪಾಲಿಸುವುದು. ಮನೆಯವರೆಲ್ಲರಿಗೂ ಒಂದು ಅಡುಗೆ, ರೋಗಿಗೆ ಮಾತ್ರ ಬೇರೆ ಅಡುಗೆ ಎಂಬ ವ್ಯವಸ್ಥೆ ಹೆಚ್ಚು ದಿನ ನಡೆಯುವುದಿಲ್ಲ.

5. ಒಂದು ಬಾರಿ ತಪ್ಪಿದ್ದನ್ನು ಸೋಲೆಂದು ತಿಳಿಯುವುದು. ಜಾತ್ರೆಯಲ್ಲಿ ಎರಡು ದಿನ ನಿಯಮ ತಪ್ಪಿದವರು "ಇನ್ನೇನು ಕೆಟ್ಟಿತು" ಎಂದು ಎಲ್ಲವನ್ನೂ ಬಿಡುತ್ತಾರೆ.

5. ರೂಢಿ ಬೇರೂರಲು ಬೇಕಾಗುವ ಕಾಲ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಊಟದ ನಂತರ ನಡೆಯುವಂತಹ ಹೊಸ ಕ್ರಮವೊಂದು ಯೋಚನೆಯಿಲ್ಲದೆ ತಾನಾಗಿ ನಡೆಯುವ ರೂಢಿಯಾಗಲು ಎಷ್ಟು ದಿನ ಬೇಕೆಂಬುದನ್ನು ಗಮನಿಸಲಾಯಿತು. ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಆದರೆ ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂದು ಅಂದಾಜಿಸಲಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ.

ಆದ್ದರಿಂದ ಇಪ್ಪತ್ತೊಂದು ದಿನ ಮಾಡಿದರೆ ಸಾಕೆಂಬ ಮಾತನ್ನು ನೆಚ್ಚಿಕೊಳ್ಳಬಾರದು. ಯುಗಾದಿಯಂದು ಆರಂಭಿಸಿದ ನಡಿಗೆಯು ಕಾರಹುಣ್ಣಿಮೆ ಬರುವವರೆಗೆ ಕಷ್ಟವೆನಿಸಬಹುದೆಂದು ಮೊದಲೇ ತಿಳಿದಿರುವುದು ಒಳ್ಳೆಯದು. ಅಲ್ಲಿಯವರೆಗೆ ಉತ್ಸಾಹವನ್ನು ಮಾತ್ರ ನಂಬದೆ, ವ್ಯವಸ್ಥೆಯನ್ನು ನಂಬಬೇಕಾಗುತ್ತದೆ.

ವ್ಯವಸ್ಥೆ ಎಂದರೇನೆಂಬುದಕ್ಕೆ ಈ ಭಾಗದಲ್ಲಿಯೇ ಉದಾಹರಣೆಯಿದೆ. ಶೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕಾಗಿ ಕಲಬುರಗಿ, ಆಳಂದ ಭಾಗದ ಭಕ್ತಾದಿಗಳು ಪಾದಯಾತ್ರೆ ಕೈಗೊಳ್ಳುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಬಸ್ ನಿಲ್ದಾಣದವರೆಗೂ ನಡೆಯದವರು ಸಹ ಅಷ್ಟು ದೂರವನ್ನು ಕ್ರಮಿಸುತ್ತಾರೆ. ಭಕ್ತಿಯ ಜೊತೆಗೆ ನಾಲ್ಕು ಅನುಕೂಲಗಳು ಅವರನ್ನು ನಡೆಸುತ್ತವೆ: ದಿನ ನಿಗದಿಯಾಗಿರುತ್ತದೆ, ದಾರಿ ಗೊತ್ತಿರುತ್ತದೆ, ಜೊತೆಗಾರರು ಇರುತ್ತಾರೆ, ದಾರಿಯಲ್ಲಿ ಊಟ-ನೀರಿನ ವ್ಯವಸ್ಥೆ ಇರುತ್ತದೆ. ನಿತ್ಯದ ನಡಿಗೆಗೂ ಇವೇ ನಾಲ್ಕನ್ನು ಏರ್ಪಡಿಸಿಕೊಳ್ಳಬೇಕು. ಪಾದಯಾತ್ರೆಗೆ ಮುಕ್ತಾಯವಿದೆ, ನಿತ್ಯದ ನಡಿಗೆಗೆ ಮುಕ್ತಾಯವಿಲ್ಲ. ಇದೊಂದೇ ವ್ಯತ್ಯಾಸವಾದುದರಿಂದ ವಾರಕ್ಕೊಮ್ಮೆ ತಲುಪಬಹುದಾದ ಸಣ್ಣ ಗುರಿಯನ್ನು ಇಟ್ಟುಕೊಳ್ಳಬೇಕು.

6. ನಡಿಗೆ ಮತ್ತು ವ್ಯಾಯಾಮ

ವಯಸ್ಕರಿಗೆ ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಮಾತನಾಡಲು ಸಾಧ್ಯವಾಗುವಂತಿದ್ದು, ಹಾಡಲು ಸಾಧ್ಯವಾಗದಷ್ಟು ವೇಗದ ನಡಿಗೆಯನ್ನು ಮಧ್ಯಮವೆಂದು ತಿಳಿಯಬಹುದು. ವಾರದಲ್ಲಿ 5 ದಿನ, ದಿನಕ್ಕೆ 30 ನಿಮಿಷ ನಡೆದರೆ 150 ನಿಮಿಷವಾಗುತ್ತದೆ. ಬೆಳಿಗ್ಗೆ 15 ಮತ್ತು ಸಂಜೆ 15 ನಿಮಿಷವೆಂದು ವಿಭಾಗಿಸಿದರೂ ಲೆಕ್ಕ ಒಂದೇ.

ಆರಂಭಿಸುವವರು ಕೆಳಕಂಡ ಕ್ರಮವನ್ನು ಅನುಸರಿಸಬಹುದು.

ಮೊದಲ ಎರಡು ವಾರ: ದಿನಕ್ಕೆ 10 ನಿಮಿಷ.
ಮೂರು ಮತ್ತು ನಾಲ್ಕನೇ ವಾರ: ದಿನಕ್ಕೆ 15 ನಿಮಿಷ.
ಎರಡನೇ ತಿಂಗಳು: ದಿನಕ್ಕೆ 20 ನಿಮಿಷ.
ಮೂರನೇ ತಿಂಗಳಿನಿಂದ: ದಿನಕ್ಕೆ 30 ನಿಮಿಷ.

ನಡಿಗೆಯನ್ನು ಈಗಾಗಲೇ ನಡೆಯುತ್ತಿರುವ ಕೆಲಸವೊಂದಕ್ಕೆ ಜೋಡಿಸುವುದು ಉತ್ತಮ. "ಸಮಯ ಸಿಕ್ಕಾಗ ನಡೆಯುತ್ತೇನೆ" ಎಂಬ ನಿರ್ಧಾರಕ್ಕಿಂತ "ಬೆಳಗಿನ ಚಹಾ ಆದೊಡನೆ ಊರ ಅಗಸಿಯಿಂದ ಹಳ್ಳದ ಸೇತುವೆಯವರೆಗೆ ಹೋಗಿಬರುತ್ತೇನೆ" ಎಂಬ ನಿರ್ಧಾರ ಹೆಚ್ಚು ಕಾಲ ಉಳಿಯುತ್ತದೆ. ಹೊತ್ತು, ಜಾಗ ಮತ್ತು ಕೆಲಸ ಮೂರೂ ಅದರಲ್ಲಿ ನಿಗದಿಯಾಗಿರುತ್ತವೆ.

ಕಚೇರಿ, ಅಂಗಡಿ ಮತ್ತು ಶಾಲೆಗಳಲ್ಲಿ ಕುಳಿತು ಕೆಲಸ ಮಾಡುವವರು ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡುವುದು ಹಾಗೂ ಬಸ್ಸಿಗೆ ಒಂದು ನಿಲ್ದಾಣದಷ್ಟು ದೂರವನ್ನು ನಡೆಯುವುದು ಸೂಕ್ತ. ಇದರೊಂದಿಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ನೀಡುವ ಕೆಲಸ ಇರಬೇಕು. ನೀರು ಹೊರುವುದು, ಹೊರೆ ಎತ್ತುವುದು, ಬೈಠಕ್ ಹೊಡೆಯುವುದು ಇವೆಲ್ಲವೂ ಇದರಲ್ಲಿ ಸೇರುತ್ತವೆ. ಮಳೆಗಾಲದಲ್ಲಿ ಕರಿಮಣ್ಣಿನ ದಾರಿಗಳು ಕೆಸರಾಗುವುದರಿಂದ ಮನೆಯೊಳಗೆ ಯೋಗಾಸನ ಅಥವಾ ಪಡಸಾಲೆಯಲ್ಲಿಯೇ ನಡಿಗೆಯನ್ನು ಮುಂದುವರಿಸಬಹುದು.

7. ಆಹಾರ: ತಿಂಗಳ ಸಂತೆಯಿಂದ ಆರಂಭ

ಊಟದ ಹೊತ್ತಿನಲ್ಲಿ ಪ್ರತಿದಿನ ಮನಸ್ಸನ್ನು ಬಿಗಿಹಿಡಿಯುವುದು ಕಷ್ಟ. ಮನೆಗೆ ತರುವ ಸಾಮಾನಿನ ಪ್ರಮಾಣವನ್ನು ತಿಂಗಳಿಗೊಮ್ಮೆ ನಿರ್ಧರಿಸುವುದು ಸುಲಭ. ರಾಷ್ಟ್ರೀಯ ಪೋಷಣಾ ಸಂಸ್ಥೆ, ಹೈದರಾಬಾದ್ ಇವರು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ದಿನಕ್ಕೆ 2000 ಕಿಲೋಕ್ಯಾಲರಿ ಬೇಕಾಗುವ ವ್ಯಕ್ತಿಯ ಒಂದು ದಿನದ ಆಹಾರದಲ್ಲಿ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು (ಅಥವಾ ಮೊಟ್ಟೆ, ಮಾಂಸ) 85 ಗ್ರಾಂ, ಶೇಂಗಾ ಮುಂತಾದ ಎಣ್ಣೆಕಾಳು 35 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ. ಮತ್ತು ಎಣ್ಣೆ 27 ಗ್ರಾಂ ಇರುತ್ತದೆ. ಹೊಲದಲ್ಲಿ ಶ್ರಮದ ಕೆಲಸ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಐದು ಜನ ವಯಸ್ಕರ ಕುಟುಂಬಕ್ಕೆ ತಿಂಗಳ ಲೆಕ್ಕ ಹೀಗಿರುತ್ತದೆ.

ಎಣ್ಣೆ: 27 ಗ್ರಾಂ x 5 ಜನ x 30 ದಿನ = ಸುಮಾರು 4 ಕಿಲೋ. ಭಜಿ ಕರಿಯುವ ಎಣ್ಣೆಯೂ ಇದರಲ್ಲಿಯೇ ಸೇರಿರಬೇಕು.

ಉಪ್ಪು: ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರಬಾರದು. 5 ಗ್ರಾಂ x 5 ಜನ x 30 ದಿನ = 750 ಗ್ರಾಂ. ಒಂದು ಕಿಲೋ ಪೊಟ್ಟಣವು ತಿಂಗಳೊಳಗೆ ಮುಗಿಯುತ್ತಿದ್ದರೆ ಮಿತಿ ಮೀರಿದಂತಾಗುತ್ತದೆ. ಉಪ್ಪಿನಕಾಯಿ, ಹಪ್ಪಳ ಮತ್ತು ಅಂಗಡಿಯ ಕುರುಕಲುಗಳ ಉಪ್ಪು ಇದಕ್ಕೆ ಹೊರತಾಗಿಲ್ಲ.

ಸಕ್ಕರೆ ಮತ್ತು ಬೆಲ್ಲ: ದಿನಕ್ಕೆ ಒಬ್ಬರಿಗೆ ಸುಮಾರು 25 ಗ್ರಾಂ ಒಳಗಿರುವುದು ಹಿತ. ಎರಡು ಚಮಚ ಸಕ್ಕರೆಯ ಚಹಾವನ್ನು ದಿನಕ್ಕೆ ನಾಲ್ಕು ಬಾರಿ ಕುಡಿದರೆ ಚಹಾದಿಂದಲೇ ಈ ಮಿತಿ ದಾಟುತ್ತದೆ. ಅಫಜಲಪುರ ಮತ್ತು ಆಳಂದ ಭಾಗದಲ್ಲಿ ಕಬ್ಬು ಬೆಳೆಯುವುದರಿಂದ ಬೆಲ್ಲ ಮನೆಯದೇ ಆಗಿರಬಹುದು. ಆದರೆ ರಕ್ತದಲ್ಲಿ ಸಕ್ಕರೆ ಏರಿಸುವಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚಿನ ಭೇದವಿಲ್ಲ.

ತಟ್ಟೆಯ ಕ್ರಮವೂ ಸರಳವಾಗಿರಲಿ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು ಮತ್ತು ಹಸಿ ಉಳ್ಳಾಗಡ್ಡಿ, ಸವತೆಕಾಯಿ. ಕಾಲು ಭಾಗ ಬೇಳೆ ಅಥವಾ ಕಾಳು. ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ. ಎರಡು ರೊಟ್ಟಿ ತಿಂದ ಮೇಲೆ ಪುನಃ ತಟ್ಟೆ ತುಂಬ ಅನ್ನ ಬಡಿಸಿಕೊಳ್ಳುವ ಪದ್ಧತಿಯನ್ನು ಬಿಡುವುದು ಈ ಭಾಗದಲ್ಲಿ ಬಹಳ ಪರಿಣಾಮಕಾರಿಯಾದ ಒಂದೇ ಬದಲಾವಣೆಯಾಗಬಹುದು. ಪ್ರತಿದಿನ ರೊಟ್ಟಿ ಬಡಿಯಲು ಸಾಧ್ಯವಾಗದ ಮನೆಯವರು ಕಟಕ ರೊಟ್ಟಿಯನ್ನು ಮಾಡಿಟ್ಟುಕೊಂಡರೆ ಅನೇಕ ದಿನ ಉಳಿಯುತ್ತದೆ. ರೊಟ್ಟಿ ಬಡಿಯುವ ಭಾರವನ್ನು ಮನೆಯ ಒಬ್ಬ ಮಹಿಳೆಯ ಮೇಲೆ ಮಾತ್ರ ಹೊರಿಸಿದರೆ ಯಾವ ರೂಢಿಯೂ ಉಳಿಯದು. ಕೆಲಸವನ್ನು ಹಂಚಿಕೊಳ್ಳುವುದು ಅಗತ್ಯ.

8. ವರ್ಷದ ಕಾಲಮಾನಕ್ಕೆ ತಕ್ಕಂತೆ ಯೋಜನೆ

ವರ್ಷವಿಡೀ ಒಂದೇ ನಿಯಮವನ್ನು ಪಾಲಿಸಲು ಹೋಗುವುದರಿಂದ ರೂಢಿ ಮುರಿಯುತ್ತದೆ. ಕಾಲಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳುವುದು ಸೂಕ್ತ.

ಜೂನ್ - ಆಗಸ್ಟ್: ತೊಗರಿ, ಹೆಸರು, ಉದ್ದು ಬಿತ್ತನೆ ಮತ್ತು ಕಳೆ ತೆಗೆಯುವ ಕಾಲ. ದುಡಿಮೆಯೇ ವ್ಯಾಯಾಮ. ಪಂಚಮಿಯ ಉಂಡಿಗಳನ್ನು ದಿನಗಟ್ಟಲೆ ತಿನ್ನದೆ, ಹಬ್ಬದ ದಿನಕ್ಕೆ ಸೀಮಿತಗೊಳಿಸಿ ಉಳಿದವನ್ನು ಹಂಚುವುದು ಲೇಸು. ಜೋಳದ ಅಳ್ಳು ಉತ್ತಮ ತಿನಿಸು.

ಸೆಪ್ಟೆಂಬರ್ - ನವೆಂಬರ್: ಹಿಂಗಾರಿ ಜೋಳ, ಕಡಲೆ ಬಿತ್ತನೆ. ದಸರಾ, ಶೀಗಿ ಹುಣ್ಣಿಮೆ ಮತ್ತು ದೀಪಾವಳಿ ಹತ್ತಿರ ಹತ್ತಿರ ಬರುತ್ತವೆ. ಹಬ್ಬದ ದಿನ ಹೋಳಿಗೆಯನ್ನು ಸಂತೋಷದಿಂದ ತಿಂದು, ಮರುದಿನ ರೊಟ್ಟಿ-ಪಲ್ಯಕ್ಕೆ ಮರಳುವುದೆಂದು ಮೊದಲೇ ಮನೆಯವರೆಲ್ಲ ತೀರ್ಮಾನಿಸಬೇಕು.

ಡಿಸೆಂಬರ್ - ಫೆಬ್ರುವರಿ: ತೊಗರಿ ಕಟಾವು ಮತ್ತು ರಾಶಿ. ಸೊಪ್ಪು, ಅವರೆ, ಬದನೆ, ಹಸಿ ಕಡಲೆ ಹೇರಳವಾಗಿ ದೊರೆಯುವ ಕಾಲ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಅನೇಕ ಕಾಳು-ಸೊಪ್ಪುಗಳ ಭಜ್ಜಿ ಪಲ್ಯ ಉಣ್ಣುವ ಪದ್ಧತಿಯು ಆರೋಗ್ಯಕರ ಊಟಕ್ಕೆ ಉತ್ತಮ ಮಾದರಿ. ಭಜ್ಜಿ ಪಲ್ಯವನ್ನು ವರ್ಷಕ್ಕೊಮ್ಮೆಯ ಬದಲು ವಾರಕ್ಕೊಮ್ಮೆ ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹೊಸದಾಗಿ ರೂಢಿ ಆರಂಭಿಸಲು ಇದು ಪ್ರಶಸ್ತ ಕಾಲ.

ಮಾರ್ಚ್ - ಮೇ: ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವ ದಿನಗಳು. ಸೂರ್ಯೋದಯಕ್ಕೆ ಮೊದಲು ಅಥವಾ ಸೂರ್ಯಾಸ್ತದ ನಂತರ ಮಾತ್ರ ನಡೆಯಬೇಕು. ದುಡಿಮೆ ಕಡಿಮೆಯಿರುವುದರಿಂದ ಒಂದು ರೊಟ್ಟಿಯನ್ನು ಅಥವಾ ಅನ್ನದ ಒಂದು ಬಡಿಸುವಿಕೆಯನ್ನು ಕಡಿಮೆ ಮಾಡಬೇಕು. ಬಾಟಲಿಯ ಸಿಹಿ ಪಾನೀಯಗಳ ಬದಲು ಮಜ್ಜಿಗೆ ಮತ್ತು ಅಂಬಲಿ ಬಳಸಬೇಕು. ಮದುವೆ, ಜಾತ್ರೆಗಳು ಹೆಚ್ಚಿರುವುದರಿಂದ ಇದೇ ಅತ್ಯಂತ ಎಚ್ಚರ ಬೇಕಾದ ಕಾಲ.

ರಂಜಾನ್ ಮಾಸ, ಶ್ರಾವಣ ಸೋಮವಾರ, ಏಕಾದಶಿ ಮುಂತಾದ ಉಪವಾಸ ಆಚರಿಸುವವರು ಮಧುಮೇಹ ಅಥವಾ ರಕ್ತದೊತ್ತಡದ ಗುಳಿಗೆ ಸೇವಿಸುತ್ತಿದ್ದಲ್ಲಿ, ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಂಡು ಗುಳಿಗೆಯ ಪ್ರಮಾಣ ಮತ್ತು ವೇಳೆಯನ್ನು ನಿಗದಿಪಡಿಸಿಕೊಳ್ಳಬೇಕು.

9. ದಿನವಹಿ ಇಡುವುದು

ಅಂಗಡಿಯವರು ದಿನವಹಿ ಇಡುವಂತೆ, ರೂಢಿಯ ಲೆಕ್ಕವನ್ನೂ ಬರೆದಿಡುವುದು ಅತ್ಯಂತ ಉಪಯುಕ್ತ. ಗೋಡೆಯ ಕ್ಯಾಲೆಂಡರ್ ಸಾಕು. ನಡೆದ ದಿನ ಒಂದು ಗೆರೆ, ನಡೆಯದ ದಿನ ಖಾಲಿ. ಓದುಬರಹ ಬಾರದ ಹಿರಿಯರೂ ಇದನ್ನು ಮಾಡಬಹುದು; ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರು ಬಹಳ ಶ್ರದ್ಧೆಯಿಂದ ಬರೆಯುತ್ತಾರೆ.

ಈ ಲೆಕ್ಕದಲ್ಲಿ ಕೆಳಕಂಡ ನಿಯಮಗಳನ್ನು ಪಾಲಿಸುವುದು.

1. ವಾರದ ಕೊನೆಯಲ್ಲಿ ಗೆರೆಗಳನ್ನು ಎಣಿಸುವುದು. ಐದು ಬಂದರೆ ವಾರ ಪೂರ್ಣ.

2. ತಪ್ಪಿದ ದಿನದ ಬಾಕಿಯನ್ನು ಮುಂದಿನ ವಾರಕ್ಕೆ ಒಯ್ಯಬಾರದು. ಹಣದ ಲೆಕ್ಕದಲ್ಲಿ ಬಾಕಿ ಉಳಿಯುತ್ತದೆ. ನಡಿಗೆಯ ಲೆಕ್ಕದಲ್ಲಿ ಪ್ರತಿ ವಾರವೂ ಹೊಸ ಪುಟ. ಎರಡು ದಿನದ ನಡಿಗೆಯನ್ನು ಒಂದೇ ದಿನ ತೀರಿಸಲು ಹೋಗಿ ಮೊಣಕಾಲು ನೋವು ತಂದುಕೊಳ್ಳಬಾರದು.

3. ಸತತವಾಗಿ ಎರಡು ದಿನ ಖಾಲಿ ಬಿಡದಿರಲು ಪ್ರಯತ್ನಿಸುವುದು.

4. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯನ್ನು ಅಳೆದು ಬರೆಯುವುದು. ಪುರುಷರಿಗೆ 90 ಸೆಂ.ಮೀ. ಮತ್ತು ಮಹಿಳೆಯರಿಗೆ 80 ಸೆಂ.ಮೀ. ಒಳಗಿರುವುದು ಉತ್ತಮ. ಅಳತೆ ಪಟ್ಟಿ ಇಲ್ಲದವರು ಒಂದು ದಾರಕ್ಕೆ ಗಂಟು ಹಾಕಿಟ್ಟುಕೊಂಡು ಹೋಲಿಸಬಹುದು.

5. ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿದ ರಕ್ತದೊತ್ತಡ ಮತ್ತು ಸಕ್ಕರೆಯ ಅಂಕಿಗಳನ್ನು ಅದೇ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆಯುವುದು. ಮೈಗೆ ತಿಳಿಯದ ಬದಲಾವಣೆಯನ್ನು ಈ ಅಂಕಿಗಳು ತಿಳಿಸುತ್ತವೆ.

10. ಕುಟುಂಬ ಮತ್ತು ಸಂಘಗಳ ಪಾತ್ರ

ಜೊತೆಗಾರರಿರುವ ರೂಢಿ ಹೆಚ್ಚು ಕಾಲ ಉಳಿಯುತ್ತದೆ. ಗ್ರಾಮೀಣ ಮಹಿಳೆಯರಿಗೆ ಒಬ್ಬರೇ ನಡೆಯಲು ಹೊರಡುವುದಕ್ಕೆ ಸಂಕೋಚ ಹಾಗೂ ಸುರಕ್ಷತೆಯ ಪ್ರಶ್ನೆಗಳಿರುತ್ತವೆ. ಸ್ತ್ರೀಶಕ್ತಿ ಮತ್ತು ಇತರ ಸ್ವಸಹಾಯ ಸಂಘಗಳ ಸದಸ್ಯರು ನಾಲ್ಕೈದು ಜನ ಒಟ್ಟಾಗಿ ನಡೆಯುವುದನ್ನು ಗೊತ್ತುಪಡಿಸಿಕೊಳ್ಳಬಹುದು. ವಾರದ ಉಳಿತಾಯ ಸಭೆಯಲ್ಲಿ ಹಣ ಜಮೆ ಮಾಡುವಾಗಲೇ ಯಾರು ಎಷ್ಟು ದಿನ ನಡೆದರೆಂಬುದನ್ನು ಕೇಳಿ ಬರೆದುಕೊಳ್ಳಬಹುದು. ಇದಕ್ಕೆ ಯಾವುದೇ ವೆಚ್ಚ ತಗಲುವುದಿಲ್ಲ.

ಮನೆಯಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ ಇಡೀ ಮನೆಯ ಅಡುಗೆಯನ್ನೇ ಹಿತಮಿತಗೊಳಿಸುವುದು ಸೂಕ್ತ. ಆ ಊಟ ಯಾರಿಗೂ ಹಾನಿಕರವಲ್ಲ. ಮಕ್ಕಳಿಗೂ ಬಾಲ್ಯದಿಂದಲೇ ರೂಢಿಯಾಗುತ್ತದೆ. ಅತಿಥಿಗಳು "ಒಂದು ಹೋಳಿಗೆಯಿಂದ ಏನಾಗುತ್ತದೆ" ಎಂದು ಒತ್ತಾಯಿಸುವುದು ಪ್ರೀತಿಯಿಂದಲೇ ಆದರೂ, ಬೇಡವೆಂದವರನ್ನು ಗೌರವಿಸುವುದು ಹೆಚ್ಚಿನ ಪ್ರೀತಿಯೆಂದು ತಿಳಿಯಬೇಕು.

ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದ್ ಅಥವಾ ಬೆಂಗಳೂರಿಗೆ ಹೋಗುವ ಕುಟುಂಬಗಳು ತಮ್ಮ ಪರೀಕ್ಷಾ ಚೀಟಿ ಮತ್ತು ಗುಳಿಗೆಗಳ ವಿವರವನ್ನು ಜೊತೆಗೆ ಒಯ್ಯಬೇಕು. ಊರು ಬದಲಾದಾಗ ರೂಢಿ ತಪ್ಪುವ ಸಂಭವ ಹೆಚ್ಚು. ಹೊಸ ಜಾಗ ತಲುಪಿದ ಮೊದಲ ವಾರದಲ್ಲಿಯೇ ನಡೆಯುವ ದಾರಿ ಮತ್ತು ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಗುರುತಿಸಿಕೊಳ್ಳುವುದು ಒಳ್ಳೆಯದು.

11. ಎಚ್ಚರಿಕೆಗಳು

(ಅ) ನಡೆಯುವಾಗ ಎದೆನೋವು, ಎದೆ ಬಿಗಿತ, ಅತಿಯಾದ ಉಸಿರುಕಟ್ಟುವಿಕೆ ಅಥವಾ ತಲೆಸುತ್ತು ಕಂಡುಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಎದೆನೋವು ಕಡಿಮೆಯಾಗದಿದ್ದರೆ, ಮುಖ ಓರೆಯಾದರೆ, ಕೈಕಾಲಿನ ಬಲ ಅಥವಾ ಮಾತು ಒಮ್ಮೆಲೇ ಕುಂದಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

(ಆ) ಮಧುಮೇಹಕ್ಕೆ ಗುಳಿಗೆ ಅಥವಾ ಇನ್ಸುಲಿನ್ ಪಡೆಯುವವರು ಖಾಲಿ ಹೊಟ್ಟೆಯಲ್ಲಿ ದೀರ್ಘವಾಗಿ ನಡೆಯಬಾರದು. ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ತಕ್ಷಣ ಸಕ್ಕರೆ ಅಥವಾ ಬೆಲ್ಲ ಸೇವಿಸಬೇಕು. ಜೇಬಿನಲ್ಲಿ ಸದಾ ಸ್ವಲ್ಪ ಸಕ್ಕರೆ ಇಟ್ಟುಕೊಂಡಿರಬೇಕು.

(ಇ) ಬರಿಗಾಲಿನಲ್ಲಿ ನಡೆಯಬಾರದು. ಪ್ರತಿ ರಾತ್ರಿ ಪಾದಗಳನ್ನು ತೊಳೆದು, ಒರೆಸಿ, ಬೆರಳ ಸಂದುಗಳನ್ನು ಪರೀಕ್ಷಿಸಬೇಕು.

(ಈ) ರೂಢಿ ಚೆನ್ನಾಗಿ ನಡೆಯುತ್ತಿದೆಯೆಂದು ವೈದ್ಯರ ಸಲಹೆಯಿಲ್ಲದೆ ಗುಳಿಗೆ ನಿಲ್ಲಿಸಬಾರದು.

(ಉ) ತಂಬಾಕು, ಗುಟ್ಕಾ ಮತ್ತು ಮದ್ಯ ಸೇವನೆಯು ನಡಿಗೆ ಹಾಗೂ ಪಥ್ಯದ ಲಾಭವನ್ನು ಕುಗ್ಗಿಸುತ್ತದೆ.

(ಊ) ಗರ್ಭಿಣಿಯರು ಹಾಗೂ ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ಆಹಾರ ಅಥವಾ ವ್ಯಾಯಾಮದ ಬದಲಾವಣೆಗೆ ಮೊದಲು ವೈದ್ಯರ ಸಲಹೆ ಪಡೆಯಬೇಕು.

12. ದೊರೆಯುವ ಸೌಲಭ್ಯಗಳು

ಮೂವತ್ತು ವರ್ಷ ಮೀರಿದ ಎಲ್ಲರೂ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ಮಾಡಿಸಿಕೊಳ್ಳಬೇಕು. ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ತಡೆಗಟ್ಟುವಿಕೆ ಮತ್ತು ನಿಯಂತ್ರಣ ಕಾರ್ಯಕ್ರಮವು 2010ರಲ್ಲಿ ಆರಂಭವಾಗಿದ್ದು, ಅದರಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾಗೂ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ತಪಾಸಣೆಯ ವ್ಯವಸ್ಥೆ ಇರುತ್ತದೆ. ಆಳಂದ, ಅಫಜಲಪುರ ಮತ್ತು ಜೇವರ್ಗಿ ಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಹೃದಯ ಚಿಕಿತ್ಸೆಗಾಗಿ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು 2024ರ ಡಿಸೆಂಬರ್ ತಿಂಗಳಲ್ಲಿ ಉದ್ಘಾಟನೆಗೊಂಡಿದೆ. ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಿ ತಪಾಸಣೆಯ ದಿನವನ್ನು ತಿಳಿದುಕೊಳ್ಳಬಹುದು.

13. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ತಿಂಗಳಿನಿಂದ ನಡೆಯುತ್ತಿದ್ದರೂ ತೂಕ ಇಳಿದಿಲ್ಲ. ಮುಂದುವರಿಸಬೇಕೇ?
ಉತ್ತರ: ಮುಂದುವರಿಸಬೇಕು. ತೂಕ ಇಳಿಯದಿದ್ದರೂ ನಡಿಗೆಯಿಂದ ರಕ್ತದೊತ್ತಡ, ಸಕ್ಕರೆ ಮತ್ತು ನಿದ್ರೆಗೆ ಅನುಕೂಲವಾಗುತ್ತದೆ. ತೂಕಕ್ಕಾಗಿ ಆಹಾರದ ಪ್ರಮಾಣವನ್ನೂ ಪರಿಶೀಲಿಸಬೇಕು.

ಪ್ರಶ್ನೆ: ಜೋಳದ ರೊಟ್ಟಿ ಎಷ್ಟು ತಿಂದರೂ ಮಧುಮೇಹಿಗಳಿಗೆ ತೊಂದರೆಯಿಲ್ಲವೇ?
ಉತ್ತರ: ತೊಂದರೆಯಿದೆ. ಜೋಳದಲ್ಲಿ ನಾರಿನಂಶ ಹೆಚ್ಚಿದ್ದರೂ ಪಿಷ್ಟವೂ ಇರುತ್ತದೆ. ಪ್ರಮಾಣ ಮಿತವಾಗಿರಬೇಕು.

ಪ್ರಶ್ನೆ: ಕಟಾವಿನ ಕಾಲದಲ್ಲಿ ಎರಡು ತಿಂಗಳು ಬೆಳಗಿನ ನಡಿಗೆ ನಿಂತಿತು. ಮೊದಲಿನಿಂದ ಆರಂಭಿಸಬೇಕೇ?
ಉತ್ತರ: ಕಟಾವಿನ ದುಡಿಮೆಯೇ ಚಟುವಟಿಕೆಯಾದುದರಿಂದ ಅದನ್ನು ನಷ್ಟವೆಂದು ತಿಳಿಯಬಾರದು. ಕಟಾವು ಮುಗಿದ ಮರುವಾರವೇ ಹಿಂದಿನ ಹೊತ್ತಿಗೆ, ಹಿಂದಿನ ದಾರಿಯಲ್ಲಿ, 15 ನಿಮಿಷದಿಂದ ಪುನಃ ಆರಂಭಿಸಬೇಕು.

ಪ್ರಶ್ನೆ: ಅರವತ್ತು ವರ್ಷ ದಾಟಿದವರಿಗೆ ಇದರಿಂದ ಉಪಯೋಗವಿದೆಯೇ?
ಉತ್ತರ: ಇದೆ. ಯಾವ ವಯಸ್ಸಿನಲ್ಲಿ ಆರಂಭಿಸಿದರೂ ಪ್ರಯೋಜನವಿದೆ. ಬೀಳದಂತೆ ಸಮತೋಲನ ಕಾಯ್ದುಕೊಳ್ಳುವ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು.

14. ಮುಕ್ತಾಯ

ಹೊಲದಲ್ಲಿ ಒಂದು ವರ್ಷ ಮಳೆ ಕೈಕೊಟ್ಟಿತೆಂದು ಈ ಭಾಗದ ರೈತರು ಮರುವರ್ಷ ಬಿತ್ತುವುದನ್ನು ಬಿಟ್ಟಿಲ್ಲ. ಆಹಾರ ಮತ್ತು ವ್ಯಾಯಾಮದ ರೂಢಿಯೂ ಇದೇ ಸ್ವಭಾವದ್ದು. ತಪ್ಪುವ ದಿನಗಳು ಇದ್ದೇ ಇರುತ್ತವೆ. ಮರಳಿ ಆರಂಭಿಸುವ ದಿನವನ್ನು ಮುಂದೂಡದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ಸಾರ್ವಜನಿಕರು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನವನ್ನು ಗುರುತಿಸಿ, ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ, ಸಮೀಪದ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಂಡು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.